ಪಡಸಾಲೆಗೆ ಕಡುಗಂದು: ಡೀಪ್ ಬೇಸ್ ಎಮಲ್ಷನ್ ಕಲಬುರಗಿ ಗೋಡೆಗೆ ಒಗ್ಗುತ್ತದೆಯೇ?

ಶೇಡ್ ಕಾರ್ಡಿನ ಎರಡಿಂಚು ಚೌಕದಲ್ಲಿ ಹಿತವಾಗಿ ಕಾಣುವ ಕಾಫಿ ಬಣ್ಣ ಹನ್ನೆರಡಡಿ ಗೋಡೆಗೆ ಏರಿದ ಮೇಲೆ ಇನ್ನೊಂದು ಮೆಟ್ಟಿಲು ಕಪ್ಪಾಗುತ್ತದೆ. ಗೋಡೆ ತಾನೇ ಖೋಲಿಯ ಬೆಳಕನ್ನು ನುಂಗುವುದರಿಂದ ಹೀಗೆ. ಪ್ಯಾಂಟೋನ್ ಸಂಸ್ಥೆ 2025ರ ಬಣ್ಣವಾಗಿ ಆರಿಸಿದ ಮೋಕಾ ಮೂಸ್ ಹಾಲು ಹೆಚ್ಚಾದ ಕಂದು, ಅದನ್ನು ಯಾವ ಗೋಡೆಗಾದರೂ ಹೊಡೆಯಬಹುದು. ಇಲ್ಲಿ ಪರೀಕ್ಷೆಗೆ ಇಟ್ಟಿರುವುದು ಅದಕ್ಕಿಂತ ಬಹಳ ಗಾಢವಾದದ್ದು, ಅಂದರೆ ಟಿಂಟಿಂಗ್ ಮಷಿನ್‌ನಲ್ಲಿ ಡೀಪ್ ಬೇಸ್‌ಗೆ (ಗಾಢ ಶೇಡಿಗೆಂದೇ ಇರುವ ಮೂಲದ್ರವಕ್ಕೆ) ಬಣ್ಣ ಬೆರೆಸಿಕೊಡುವ, ಬೆಳಕನ್ನು ನೂರಕ್ಕೆ ಹತ್ತು ಪಾಲೂ ಹಿಂತಿರುಗಿಸದ ಒಳಗೋಡೆ ಎಮಲ್ಷನ್ (ನೀರಿನಲ್ಲಿ ಕಲಸುವ ಬಣ್ಣ).

ಮೊದಲೇ ಹೇಳಿಬಿಡುವುದಾದರೆ, ಮೇಲಿನ ದರ್ಜೆಯ ಡಬ್ಬಿ ತಂದು ಒಂದೇ ಗೋಡೆಗೆ ಹೊಡೆಯುವುದಾದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಅಗ್ಗದ ದರ್ಜೆಯಲ್ಲಿ ಈ ಬಣ್ಣ ಬೇಡವೇ ಬೇಡ.

ಕಾರಣ ಡಬ್ಬಿಯೊಳಗಿದೆ. ಬಿಳಿ ಬಣ್ಣ ಕೆಳಗಿನದ್ದನ್ನು ಮುಚ್ಚುವುದು ಟೈಟಾನಿಯಂ ಡೈಆಕ್ಸೈಡ್‌ನಿಂದ. ಗಾಢ ಶೇಡಿಗೆ ಬಳಸುವ ಬೇಸ್‌ನಲ್ಲಿ ಅದು ತೀರಾ ಕಡಿಮೆ. ಹೆಚ್ಚಿದ್ದರೆ ಕಂದು ಬಣ್ಣ ಗುಲಾಬಿ ತಿರುಗುತ್ತದೆ. ಆದ್ದರಿಂದ ಮುಚ್ಚುವ ಕೆಲಸವೆಲ್ಲ ಮಷಿನ್ ಸುರಿಯುವ ಕೆಂಪು, ಹಳದಿ, ಕಪ್ಪು ಆಕ್ಸೈಡ್‌ಗಳ ಮೇಲೆ ಬೀಳುತ್ತದೆ. ಈ ಬಣ್ಣಕ್ಕೆ ಜಾಗ ಬಿಡಲೆಂದೇ ಒಂದು ಲೀಟರಿನ ಡಬ್ಬಿಯಲ್ಲಿ ಬೇಸ್ ಸುಮಾರು 900 ಮಿಲಿ ಮಾತ್ರ ಇರುತ್ತದೆ. ಅಂಗಡಿಯವ ಕಡಿಮೆ ಕೊಟ್ಟ ಅಂತ ಜಗಳಕ್ಕೆ ನಿಲ್ಲಬೇಡಿ. ಕಬ್ಬಿಣದ ಆಕ್ಸೈಡ್‌ನ ಒಳ್ಳೆಯ ಗುಣವೆಂದರೆ ಬಿಸಿಲಿಗೂ ಸಿಮೆಂಟಿನ ಕ್ಷಾರಕ್ಕೂ ಜಗ್ಗುವುದಿಲ್ಲ. ಕಡುನೇರಳೆ ಅಥವಾ ಗಾಢ ಗುಲಾಬಿಗೆ ಹೋಲಿಸಿದರೆ ಕಂದು ಬೇಗ ಮಾಸದಿರುವುದು ಇದರಿಂದಲೇ.

ಅಗ್ಗದ ದರ್ಜೆಯಲ್ಲಿ ಅಂಟು ಕಡಿಮೆ, ಪುಡಿ ಹೆಚ್ಚು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆಗೇ ಕಂದು ಹತ್ತುತ್ತದೆ, ಗೋಡೆಗೆ ಒರಗಿ ಕೂತವರ ಬಿಳಿ ಅಂಗಿಯ ಬೆನ್ನಿಗೂ ಹತ್ತುತ್ತದೆ. ಏಷ್ಯನ್‌ನ ರಾಯಲ್, ಬರ್ಜರ್‌ನ ಸಿಲ್ಕ್, ನೆರೋಲ್ಯಾಕ್‌ನ ಇಂಪ್ರೆಷನ್ಸ್, ಡ್ಯೂಲಕ್ಸ್‌ನ ವೆಲ್ವೆಟ್ ಟಚ್ ಸಾಲಿನ ಬಣ್ಣಗಳಲ್ಲಿ ಈ ತಾಪತ್ರಯ ಕಡಿಮೆ. ಈ ನಾಲ್ಕರಲ್ಲಿ ಯಾವುದು ಅಂತ ತಲೆ ಕೆಡಿಸಿಕೊಳ್ಳುವ ಬದಲು ಮಷಿನ್ ದಿನಾ ಓಡುವ ಅಂಗಡಿ ಯಾವುದು ಅಂತ ನೋಡಿ. ಓಡದ ಮಷಿನ್‌ನಲ್ಲಿ ಬಣ್ಣದ ನಳಿಗೆ ಕಟ್ಟಿಕೊಂಡು ಶೇಡ್ ಏರುಪೇರಾಗುತ್ತದೆ.

ಇನ್ನು ಗೋಡೆಯ ವಿಷಯ. ಕಲಬುರಗಿ ಸುತ್ತಲಿನ ಎರೆಮಣ್ಣು ಮಳೆಗಾಲಕ್ಕೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ. ಅಡಿಪಾಯ ಹಗುರವಾಗಿದ್ದರೆ ಬಾಗಿಲ, ಕಿಟಕಿಯ ಮೂಲೆಗಳಿಂದ ಓರೆಯಾಗಿ ಸೀಳು ಬರುತ್ತದೆ. ಕೆನೆಬಣ್ಣದ ಗೋಡೆಯಲ್ಲಿ ಕಣ್ಣಿಗೆ ಬೀಳದ ಕೂದಲೆಳೆಯ ಸೀಳು ಕಡುಗಂದಿನಲ್ಲಿ ಬಿಳಿ ಗೆರೆಯಾಗಿ ಎದ್ದು ಕಾಣುತ್ತದೆ, ಯಾಕೆಂದರೆ ಒಳಗಿನ ಪುಟ್ಟಿ ಬಿಳಿ. ಸೀಳನ್ನು ಕರಣೆ ಮೂಲೆಯಿಂದ ವಿ ಆಕಾರದಲ್ಲಿ ಕೆತ್ತಿ, ಅಕ್ರಿಲಿಕ್ ಕ್ರ್ಯಾಕ್ ಫಿಲ್ಲರ್ ತುಂಬಿ, ಒಣಗಿದ ಮೇಲೆ ಪುಟ್ಟಿ ಎಳೆಯಬೇಕು. ಪ್ರತಿ ವರ್ಷ ಅದೇ ಜಾಗದಲ್ಲಿ ಬಾಯಿ ಬಿಡುವ ಸೀಳಿದ್ದರೆ ಆ ಗೋಡೆ ಬಿಟ್ಟು ಬೇರೆ ಗೋಡೆ ಆರಿಸಿ.

ಹಳೆ ಮನೆಗಳಲ್ಲಿ ಸುಣ್ಣದ ಪದರ ಇದ್ದರೆ ಪೂರ್ತಿ ಕೆರೆದು ತೆಗೆಯಲೇಬೇಕು. ಸುಣ್ಣದ ಮೇಲೆ ಕೂತ ಎಮಲ್ಷನ್ ಹಾಳೆಹಾಳೆಯಾಗಿ ಏಳುತ್ತದೆ. ಕೆಳಗಿನ ಮೂರಡಿಗೆ ಆಯಿಲ್ ಪೇಂಟ್ ಇದ್ದರೆ 120 ನಂಬರ್ ಮರಳು ಪೇಪರ್ ಹೊಡೆದು ಹೊಳಪು ಸಾಯಿಸಿದ ಮೇಲೆಯೇ ಪ್ರೈಮರ್ (ಬಣ್ಣಕ್ಕೆ ಮೊದಲು ಕೊಡುವ ತಳಕೋಟ್). ಹೊಸ ಗಿಲಾವು ಆಗಿದ್ದರೆ ನೀರುಣಿಸುವುದು ಮುಗಿದ ಮೇಲೂ ಎರಡು ಮೂರು ತಿಂಗಳು ಒಣಗಲು ಬಿಡಿ, ಅವಸರ ಮಾಡಿದರೆ ಉಪ್ಪು ಹೊರಗೆ ಬಂದು ಕಂದಿನ ಮೇಲೆ ಬೂದಿ ಚೆಲ್ಲಿದಂತೆ ಕಾಣುತ್ತದೆ. ತೇವದ ಅನುಮಾನ ಇದ್ದರೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಮರುದಿನ ಹಾಳೆಯ ಒಳಮೈಯಲ್ಲಿ ನೀರಹನಿ ಕೂತಿದ್ದರೆ ಕೆಲಸ ಮುಂದೂಡಿ.

ಎಲ್ಲಕ್ಕಿಂತ ಹೆಚ್ಚು ಕೆಡುವ ಜಾಗ ಪ್ರೈಮರ್. ಬಿಳಿ ಪ್ರೈಮರಿನ ಮೇಲೆ ನೇರ ಕಂದು ಹೊಡೆದರೆ ಎರಡು ಕೋಟ್ ಆದ ಮೇಲೂ ರೋಲರ್ ಸಾಲುಗಳ ನಡುವೆ ಬಿಳಿ ಇಣುಕುತ್ತದೆ. ಮೂರನೆಯದ್ದು, ಕೆಲವೊಮ್ಮೆ ನಾಲ್ಕನೆಯದ್ದೂ ಬೇಕಾಗುತ್ತದೆ. ದುಬಾರಿ ಬಣ್ಣವನ್ನು ಹೀಗೆ ಬಿಳಿ ಮುಚ್ಚಲು ಸುರಿಯುವುದು ದಂಡ. ಒಂದು ಲೀಟರ್ ವಾಟರ್ ಪ್ರೈಮರಿಗೆ 20ರಿಂದ 30 ಮಿಲಿ ಸ್ಟೇನರ್ (ಬೆರೆಸಲೆಂದೇ ಸಿಗುವ ಗಟ್ಟಿ ಬಣ್ಣ) ಬೆರೆಸಿ, ಅದರಲ್ಲಿ ಹೆಚ್ಚು ಪಾಲು ಕೆಂಪು ಆಕ್ಸೈಡ್, ಚೂರು ಕಪ್ಪು. ಇದಕ್ಕಿಂತ ಹೆಚ್ಚು ಸುರಿದರೆ ಪ್ರೈಮರಿನ ಹಿಡಿತ ಕಡಿಮೆಯಾಗುತ್ತದೆ. ಬೆರೆಸುವ ಗೋಜು ಬೇಡ ಎಂದರೆ ಬಿಳಿ ಪ್ರೈಮರಿನ ಮೇಲೆ ಅಗ್ಗದ ದರ್ಜೆಯ ನಡುಗಂದು ಎಮಲ್ಷನ್ ಒಂದು ಕೋಟ್ ಕೊಡಿ. ಅಗ್ಗದ್ದಕ್ಕೆ ಈ ಮನೆಯಲ್ಲಿ ಇರುವ ಕೆಲಸ ಇದೊಂದೇ.

ಹೀಗೆ ತಳಬಣ್ಣ ಇದ್ದರೆ 12 ಅಡಿ ಉದ್ದ, 10 ಅಡಿ ಎತ್ತರದ ಗೋಡೆಗೆ ಎರಡು ಕೋಟ್ ಸಾಕು, ಎರಡು ಲೀಟರ್ ಹಿಡಿಯುತ್ತದೆ. ಬಿಳಿಯ ಮೇಲೆ ನೇರ ಹೊಡೆದರೆ ಮೂರು ಲೀಟರ್ ದಾಟುತ್ತದೆ. ಒಂದೊಂದು ಲೀಟರಿನ ಡಬ್ಬಿ ಬೇರೆ ಬೇರೆ ದಿನ ತರಿಸಬೇಡಿ, ಕಣ್ಣಿಗೆ ಹಿಡಿಯುವಷ್ಟು ವ್ಯತ್ಯಾಸ ಬರಬಹುದು. ಎಲ್ಲ ಒಟ್ಟಿಗೆ ತಂದು ಒಂದೇ ಬಕೆಟ್ಟಿಗೆ ಸುರಿದು ಕಲಸಿಕೊಳ್ಳುವುದು ಸರಿ. ನೀರು ಡಬ್ಬಿಯ ಮೇಲೆ ಬರೆದ ಕೆಳಗಿನ ಅಳತೆಯಷ್ಟೇ ಇರಲಿ. ಗುತ್ತಿಗೆ ಕೆಲಸದ ಪೇಂಟರ್‌ಗಳು ಕೈ ಸಲೀಸಾಗಿ ಓಡಲೆಂದು ಇನ್ನೊಂದು ಚೊಂಬು ಸುರಿಯುತ್ತಾರೆ. ತಿಳಿ ಬಣ್ಣದಲ್ಲಿ ಅದು ನಡೆದುಹೋಗುತ್ತದೆ, ಇದರಲ್ಲಿ ಪಟ್ಟೆಪಟ್ಟೆಯಾಗಿ ನಿಲ್ಲುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಪಡುವಣ ಗೋಡೆ ಮಧ್ಯಾಹ್ನ ಮುಟ್ಟಿದರೆ ಬಿಸಿ. ಅಂಥ ಗೋಡೆಯ ಮೇಲೆ ಒಂದು ಸಾಲು ಎಳೆದು ಎರಡನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದರ ಅಂಚು ಒಣಗಿ, ಎರಡೂ ಕೂಡುವ ಕಡೆ ಗೆರೆ ಬೀಳುತ್ತದೆ. ಬೆಳಿಗ್ಗೆ ಏಳರಿಂದ ಹನ್ನೊಂದರೊಳಗೆ, ಫ್ಯಾನ್ ಆಫ್ ಮಾಡಿ, ಕೂಲರ್ ಬಂದ್ ಮಾಡಿ, ಇಬ್ಬರು ಕೂಡಿ ಇಡೀ ಗೋಡೆಯನ್ನು ಒಂದೇ ಓಟದಲ್ಲಿ ಮುಗಿಸಬೇಕು. ಒಬ್ಬ ಎರಡೂವರೆ ಇಂಚಿನ ಬ್ರಷ್‌ನಲ್ಲಿ ಛತ್ತಿನ ಅಂಚು ಎಳೆಯುತ್ತಿದ್ದರೆ, ಅದು ಹಸಿ ಇರುವಾಗಲೇ ಇನ್ನೊಬ್ಬ ಸಣ್ಣ ರೋಮದ ಮೈಕ್ರೋಫೈಬರ್ ರೋಲರ್ ಹಿಡಿದು ಹಿಂದೆ ಬರಬೇಕು. ಅಂಚು ಇವತ್ತು, ನಡುವಿನದ್ದು ನಾಳೆ ಅಂದರೆ ಗೋಡೆಗೆ ಫೋಟೊ ಕಟ್ಟು ಹಾಕಿದಂತೆ ಸುತ್ತ ಪಟ್ಟಿ ಕಾಣುತ್ತದೆ. ಎರಡು ಕೋಟ್ ನಡುವೆ ನಾಲ್ಕು ತಾಸು. ಮಾಸ್ಕಿಂಗ್ ಟೇಪನ್ನು ಕೊನೆಯ ಕೋಟ್ ಪೂರ್ತಿ ಒಣಗುವ ಮೊದಲೇ ಕೀಳಿ, ಇಲ್ಲವಾದರೆ ಬಣ್ಣದ ಪೊರೆಯೂ ಜೊತೆಗೆ ಕಿತ್ತು ಬರುತ್ತದೆ.

ಹೊಳಪಿಲ್ಲದ ಮ್ಯಾಟ್ ಇರಲೋ ನಸುಹೊಳಪಿನ ಸಾಫ್ಟ್ ಶೀನ್ ಇರಲೋ? ನೋಡಲು ಮ್ಯಾಟ್ ಚೆಂದ, ಮಖಮಲ್ಲಿನಂತೆ ಕೂರುತ್ತದೆ. ಆದರೆ ಕುರ್ಚಿಯ ಬೆನ್ನು, ಉಗುರು, ಶಾಲೆ ಬ್ಯಾಗಿನ ಜಿಪ್ ತಾಗಿದಲ್ಲೆಲ್ಲ ಬಿಳಿ ಗೀರು ಅಥವಾ ಹೊಳೆಯುವ ಕಲೆ, ಮೇಲೆ ಟಚಪ್ ಮಾಡಿದರೂ ತೇಪೆ ಹಚ್ಚಿದಂತೆ ತೋರುತ್ತದೆ. ಮಕ್ಕಳಿರುವ ಮನೆಗೆ ಸಾಫ್ಟ್ ಶೀನ್ ಸರಿ. ಅದರ ಕಾಟ ಬೇರೆ, ಪುಟ್ಟಿಯ ಏರಿಳಿತವನ್ನೆಲ್ಲ ಬಯಲಿಗೆಳೆಯುತ್ತದೆ. ಪ್ರೈಮರ್ ಆದ ರಾತ್ರಿ ದೀಪ ಆರಿಸಿ ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಪಕ್ಕದಿಂದ ಬೆಳಕು ಬಿಡಿ, ಕರಣೆ ನಿಂತ ಗುರುತುಗಳು ನೆರಳಾಗಿ ಏಳುತ್ತವೆ. ಪೆನ್ಸಿಲ್ ಗುರುತು ಹಾಕಿ, ಮರುದಿನ 220ರ ಪೇಪರ್‌ನಲ್ಲಿ ಅಲ್ಲಷ್ಟೇ ತಿಕ್ಕಿ, ಪುಟ್ಟಿ ಬಯಲಾದ ಕಡೆ ಮತ್ತೆ ಪ್ರೈಮರ್ ಸವರಿ.

ಧೂಳಿನ ವಿಷಯದಲ್ಲಿ ಕಂದು ಎಲ್ಲವನ್ನೂ ಮುಚ್ಚುತ್ತದೆ ಅನ್ನುವುದು ಸುಳ್ಳು. ನಮ್ಮ ಕಡೆ ಧೂಳು ತಿಳಿ ಬಣ್ಣದ್ದು, ಟೆಕ್ಸ್ಚರ್ ಗೋಡೆಯ ಏಣುಗಳ ಮೇಲೆ ಹಿಟ್ಟು ಉದುರಿಸಿದ ಹಾಗೆ ಕೂರುತ್ತದೆ. ಅದಕ್ಕೇ ನುಣುಪು ಗೋಡೆಯೇ ಇರಲಿ. ಇನ್ನೊಂದು ಶತ್ರು ಕೂಲರ್. ಬೋರ್ ನೀರು ಗಡಸು. ಕೂಲರ್ ಎರಚಿದ ಹನಿ ಒಣಗಿದಲ್ಲೆಲ್ಲ ಬಿಳಿ ಚುಕ್ಕೆ ಉಳಿಯುತ್ತದೆ. ಕೂಲರ್ ಇಡುವ ಕಿಟಕಿ ಯಾವ ಗೋಡೆಯಲ್ಲಿದೆಯೋ ಆ ಗೋಡೆಗೆ ಮತ್ತು ಅದರ ಗಾಳಿ ನೇರ ಬಡಿಯುವ ಗೋಡೆಗೆ ಈ ಬಣ್ಣ ಬೇಡ.

ಬೆಳಕು ತಪ್ಪಿದರೆ ಇಷ್ಟೆಲ್ಲ ಕಷ್ಟವೂ ನೀರುಪಾಲು. ಮನೆಮನೆಯಲ್ಲಿ ಇರುವ, ತಣ್ಣನೆ ಬಿಳಿ ಬೆಳಕಿನ 6500 ಕೆಲ್ವಿನ್ ಎಲ್‌ಇಡಿ ಟ್ಯೂಬ್ ಕೆಳಗೆ ಬೆಚ್ಚಗಿನ ಕಂದು ಮಂಕಾಗಿ ಬೂದಿ ತಿರುಗುತ್ತದೆ. ಅದೇ ಗೋಡೆ ಹಳದಿ ಬೆಳಕಿನ 2700 ಅಥವಾ 3000 ಕೆಲ್ವಿನ್ ಬಲ್ಬಿನಡಿ ಕೆಂಪು ಛಾಯೆ ತೋರುತ್ತದೆ. ಬಣ್ಣಕ್ಕೆ ಮೊದಲೇ ಆ ಗೋಡೆಯ ಮೇಲೆ ಎರಡು ದೀಪದ ಪಾಯಿಂಟ್ ಹೊಡೆಸಿಕೊಳ್ಳಿ. ಎರಡಡಿ ಚೌಕದ ಹಾರ್ಡ್‌ಬೋರ್ಡಿಗೆ ಎರಡು ಕೋಟ್ ಹೊಡೆದು, ಬೆಳಿಗ್ಗೆ, ಸಂಜೆ, ದೀಪ ಹಚ್ಚಿದ ಮೇಲೆ ಹೀಗೆ ಮೂರು ಹೊತ್ತು ಗೋಡೆಗೆ ಆನಿಸಿ ನೋಡದೆ ಶೇಡ್ ಖಾಯಂ ಮಾಡಬೇಡಿ.

ನೆಲಕ್ಕೆ ಶಹಾಬಾದ್ ಫರ್ಸಿ ಇದ್ದರೆ ಅದೃಷ್ಟ. ಅದರ ತಣ್ಣನೆ ಬೂದಿಗೆ ಕೆಂಪು ಛಾಯೆಯ ಕಂದು ಬಹಳ ಒಪ್ಪುತ್ತದೆ. ಬೀದರ್ ಕಡೆ ಜಂಬಿಟ್ಟಿಗೆ ಕಲ್ಲನ್ನು ಹಾಗೇ ಬಿಟ್ಟ ಗೋಡೆ ಪಕ್ಕದಲ್ಲಿದ್ದರೆ ಕೆಂಪು ತಗ್ಗಿಸಿ, ಹಳದಿ ಛಾಯೆಯ ಕಂದು ತೆಗೆದುಕೊಳ್ಳಿ. ಉಳಿದ ಮೂರು ಗೋಡೆಗೆ ಅಚ್ಚ ಬಿಳಿ ಬೇಡ, ಕೆನೆ ಇರಲಿ. ಬಿದರಿ ಹೂಜಿ ಇಡುವವರು ಗಮನಿಸಿ: ಬೆಳ್ಳಿ ಗೆರೆ ಮಿಂಚುತ್ತದೆ, ಆದರೆ ಕಪ್ಪು ಮೈ ಕಂದಿನಲ್ಲಿ ಕರಗಿ ಹೂಜಿಯ ಆಕಾರವೇ ಕಾಣದು, ಹಿಂದೆ ತಿಳಿ ಮರದ ಹಲಗೆ ಬೇಕು.

ಹೊರಗೋಡೆಗೆ, ಅದೂ ತೆಂಕಣ ಅಥವಾ ಪಡುವಣ ಮುಖಕ್ಕೆ, ಈ ಊರ ಬಿಸಿಲಿನಲ್ಲಿ ಕಡುಗಂದು ಹೊಡೆಸುವುದು ಮನೆಯೊಳಗೆ ಸೆಕೆ ಕರೆದುಕೊಂಡಂತೆಯೇ. ಬಾಡಿಗೆ ಮನೆಯವರೂ ಯೋಚಿಸಿ. ಬಿಟ್ಟು ಹೋಗುವಾಗ ಮತ್ತೆ ಕೆನೆಬಣ್ಣಕ್ಕೆ ತರಲು ಪೇಪರ್ ಹೊಡೆದು, ಎರಡು ಕೋಟ್ ಬಿಳಿ ಪ್ರೈಮರ್, ಮೇಲೆ ಎರಡು ಕೋಟ್ ಬಣ್ಣ ಕೊಡಬೇಕು. ಬಣ್ಣ ಉಳಿದರೆ ಅದನ್ನು ಸಣ್ಣ ಡಬ್ಬಿಗೆ ತುಂಬಿ ಗಾಳಿ ಆಡದಂತೆ ಮುಚ್ಚಿ, ಮಷಿನ್ ಕೊಟ್ಟ ಶೇಡ್ ಕೋಡಿನ ಚೀಟಿಯನ್ನು ಅದರ ಮೈಗೇ ಅಂಟಿಸಿಡಿ.