ಎರಡು ದಿನದ ನಾಯಕತ್ವ ಶಿಬಿರ: ಒಂದು ಬೆಳಗಿನ ಪಾಠಕ್ಕೆ ಪೂರ್ತಿ ದುಡ್ಡು

ಬೆಂಗಳೂರಿನ ತರಬೇತಿ ಸಂಸ್ಥೆಯೊಂದು ಶಿವಮೊಗ್ಗದ ಸವಳಂಗ ರಸ್ತೆಯ ಹೋಟೆಲಿನಲ್ಲಿ ಹೊಸ ಉದ್ದಿಮೆದಾರರಿಗೆಂದು ಎರಡು ದಿನದ ಶಿಬಿರ ನಡೆಸಿತು. ನಾಯಕತ್ವ, ನೇಮಕಾತಿ, ಬ್ರ್ಯಾಂಡಿಂಗ್ ಮೂರೂ ಸೇರಿ ತಲೆಗೆ 4,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಊಟ, ಕಾಫಿ, ದಪ್ಪನೆಯ ಪುಸ್ತಕ ಎಲ್ಲ ಅದರಲ್ಲೇ. ಮುಂದಿನ ಸರದಿ ಸಾಗರದ್ದಂತೆ. ಹೋಗಬಹುದೇ ಎಂದು ಪರಿಚಯದವರು ಫೋನ್ ಮಾಡಿ ಕೇಳುತ್ತಿರುವುದರಿಂದ ಎಲ್ಲರಿಗೂ ಸೇರಿಸಿ ಒಮ್ಮೆಲೇ ಬರೆದುಬಿಡುತ್ತೇನೆ. ನೇಮಕಾತಿಯ ಪಾಠದಲ್ಲಿ ಮೋಸವಿಲ್ಲ. ಬ್ರ್ಯಾಂಡಿಂಗ್ ಅರ್ಧ ಕಾಳು, ಅರ್ಧ ಜೊಳ್ಳು. ನಾಯಕತ್ವದ ಪಾಠ ನಡೆಯುವ ಹೊತ್ತಿಗೆ ಗಾಂಧಿ ಬಜಾರಿಗೆ ಹೋಗಿ ಮನೆಸಾಮಾನು ತಂದರೂ ನಿಮಗೆ ನಷ್ಟವಿಲ್ಲ.

ನಾನು ಯಾವ ಕಣ್ಣಿನಿಂದ ನೋಡಿದೆ ಎಂಬುದು ತಿಳಿದಿರಲಿ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಮ್ಮದೊಂದು ಅಡಿಕೆ ಹಾಳೆಯ ತಟ್ಟೆಯ ಘಟಕವಿದೆ. ನಾನು ಮತ್ತು ನನ್ನ ಮೈದುನ ಸೇರಿ ನಡೆಸುತ್ತೇವೆ. ಕೆಲಸಕ್ಕೆ ಬರುವವರು ಹದಿನಾಲ್ಕು ಜನ, ಅವರಲ್ಲಿ ಹೆಚ್ಚಿನವರು ಹೆಂಗಸರು. ಬೇಸಗೆಯಲ್ಲಿ ತೋಟಗಳಿಂದ ಹಾಳೆ ತಂದು ಒಣಗಿಸಿ ಅಟ್ಟಕ್ಕೆ ಹಾಕಿಕೊಂಡರೆ ಮಳೆಗಾಲ ಕಳೆಯುತ್ತದೆ. ನೆನೆಸಿ, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿ, ಅಂಚು ಕತ್ತರಿಸಿದರೆ ತಟ್ಟೆ. 2022ರ ಜುಲೈ 1ರಂದು ಏಕಬಳಕೆಯ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ದೇಶದಾದ್ಯಂತ ನಿಷೇಧ ಬಂದ ಮೇಲೆ ಬೇಡಿಕೆ ಹೆಚ್ಚಿತು, ಅದರ ಬೆನ್ನಿಗೇ ಪೈಪೋಟಿಯೂ ಹೆಚ್ಚಿತು. ನಮಗೆ ಕೊರತೆಯಿರುವುದು ಯಂತ್ರದ್ದಲ್ಲ, ಜನರದ್ದು. ದುಡ್ಡು ಕಟ್ಟಿದ್ದೂ ಆ ಕಾರಣಕ್ಕೇ.

ಮೊದಲ ದಿನ ಪೂರ್ತಿ ನಾಯಕತ್ವ. ಕಿವಿಗೆ ಮೈಕ್ ಸಿಕ್ಕಿಸಿಕೊಂಡ ಯುವಕ ಒಳ್ಳೆಯ ಕನ್ನಡವನ್ನೇ ಮಾತನಾಡಿದ, ಅದಕ್ಕೆ ಅಂಕ ಕೊಡುತ್ತೇನೆ. ಆದರೆ ಬಲೂನು ಊದಿಸಿದ, ವೃತ್ತದಲ್ಲಿ ನಿಲ್ಲಿಸಿದ, ಪಕ್ಕದವರ ಬೆನ್ನು ತಟ್ಟಿಸಿದ. ಉದಾಹರಣೆಗಳೆಲ್ಲ ಕ್ಯಾಲಿಫೋರ್ನಿಯದವು. ಪ್ರತಿಯೊಬ್ಬ ಕೆಲಸಗಾರರ ಜೊತೆ ವಾರಕ್ಕೊಮ್ಮೆ ಅರ್ಧ ಗಂಟೆ ಕುಳಿತು ಅವರ ಕನಸುಗಳೇನು ಎಂದು ಕೇಳಬೇಕಂತೆ. ನಮ್ಮಲ್ಲಿಗೆ ಬರುವವರು ಹಾಲು ಕರೆದು, ಹುಲ್ಲು ತಂದು, ಮಕ್ಕಳನ್ನು ಶಾಲೆಗೆ ಕಳಿಸಿ ಒಂಬತ್ತಕ್ಕೆ ಬಂದು, ಸಂಜೆಯ ಬಸ್ಸು ಹಿಡಿಯಲು ಐದಕ್ಕೆ ಓಡುವವರು. ಕನಸು ಕೇಳಲು ಕರೆದು ಕೂರಿಸಿದರೆ ಸಂಬಳ ಕಡಿತದ ಸುದ್ದಿ ಹೇಳಲು ಕರೆದಿದ್ದಾರೆ ಎಂದು ಹೆದರುತ್ತಾರೆ.

ನಾನು ಕೇಳಿದ್ದು ಒಂದೇ ಪ್ರಶ್ನೆ. ದೀಪಾವಳಿ ಕಳೆದು ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಬಿರುಸಾದರೆ ನಮ್ಮ ಅರ್ಧ ಜನ ಅಡಿಕೆ ಸುಲಿಯಲು ಹೋಗುತ್ತಾರೆ. ಅಲ್ಲಿ ಸುಲಿದಷ್ಟಕ್ಕೆ ಕೂಲಿ, ರಾತ್ರಿ ಕುಳಿತರೆ ಇನ್ನಷ್ಟು. ತೋಟದವರು ತಲೆಮಾರುಗಳಿಂದ ಪರಿಚಯದವರು, ಕರೆದಾಗ ಬರುವುದಿಲ್ಲ ಎನ್ನಲಾಗದು. ನಮ್ಮ ಮದುವೆ ಸೀಸನ್ನಿನ ಆರ್ಡರುಗಳು ಬರುವುದೂ ಆಗಲೇ. ಏನು ಮಾಡಬೇಕು? ‘ನಿಮ್ಮ ಸಂಸ್ಥೆಯ ಧ್ಯೇಯದ ಜೊತೆ ಅವರನ್ನು ಬೆಸೆಯಿರಿ’ ಎಂದ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಇದಕ್ಕೆ ಊರಿನಲ್ಲೇ ಒಂದು ದಾರಿಯಿದೆ: ನವರಾತ್ರಿಗೆ ಮೊದಲೇ ಎಲ್ಲರನ್ನೂ ಕೂರಿಸಿಕೊಂಡು ಯಾರು ಯಾವ ವಾರ ಸುಲಿತಕ್ಕೆ ಹೋಗುತ್ತಾರೆ ಎಂದು ಬರೆದುಕೊಳ್ಳುವುದು, ಆ ವಾರಗಳಿಗೆ ಬೇಕಾದ ತಟ್ಟೆಯನ್ನು ಮೊದಲೇ ಒತ್ತಿ ಇಟ್ಟುಕೊಳ್ಳುವುದು. ನಾವು ಹಾಗೆಯೇ ಮಾಡುತ್ತೇವೆ. ಮುಂದಾಳು ಎನಿಸಿಕೊಂಡವರ ಕೆಲಸ ಹೆಚ್ಚು ಕಡಿಮೆ ಇಷ್ಟೇ ಎಂದು ನನ್ನ ಅಭಿಪ್ರಾಯ. ಇದಕ್ಕೆ ಬಲೂನು ಬೇಕಿಲ್ಲ.

ಮಾಚೇನಹಳ್ಳಿಯ ಫೌಂಡ್ರಿಯೊಂದರ ಮ್ಯಾನೇಜರ್ ಮುಂಗಡದ ಮಾತೆತ್ತಿದರು. ಕೆಲಸಗಾರರು ಮುಂಗಡ ಪಡೆದು ಊರಿಗೆ ಹೋದವರು ಮತ್ತೆ ಬರುವುದಿಲ್ಲ ಎಂಬುದು ಅವರ ಸಂಕಟ. ಉತ್ತರವಾಗಿ ‘ನಂಬಿಕೆಯ ಸಂಸ್ಕೃತಿ’ ಎಂಬ ಸ್ಲೈಡ್ ಬಂತು. ಮುಂಗಡ ಕೊಟ್ಟು ಅದರ ಹೆಸರಿನಲ್ಲಿ ಆಳನ್ನು ಕಟ್ಟಿಹಾಕಿಕೊಳ್ಳುವುದು 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆಯಡಿ ಅಪರಾಧ. ಅದನ್ನಾದರೂ ಹೇಳಬೇಕಿತ್ತು. ಒಂದು ಪುಸ್ತಕದಲ್ಲಿ ತಾರೀಖು, ಮೊತ್ತ, ತಿಂಗಳಿಗೆ ಎಷ್ಟು ಮುರಿಯುವುದು ಎಂದು ಬರೆದು ಇಬ್ಬರೂ ಸಹಿ ಹಾಕಿದರೆ ಅರ್ಧ ತಕರಾರು ಇಲ್ಲವಾಗುತ್ತದೆ ಎಂಬುದನ್ನೂ ಹೇಳಬೇಕಿತ್ತು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಲೈಂಗಿಕ ಕಿರುಕುಳದ ದೂರು ಕೇಳಲು ಹಿರಿಯ ಮಹಿಳೆಯೊಬ್ಬರ ಅಧ್ಯಕ್ಷತೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು ಎಂದು 2013ರ ಕಾಯ್ದೆ ಹೇಳುತ್ತದೆ. ಹೆಂಗಸರನ್ನೇ ನೆಚ್ಚಿಕೊಂಡ ಉದ್ದಿಮೆಗಳ ಮಾಲೀಕರು ಆ ಸಭಾಂಗಣದ ತುಂಬ ಇದ್ದರು. ಇಡೀ ದಿನದ ನಾಯಕತ್ವದಲ್ಲಿ ಇದರ ಸೊಲ್ಲೇ ಇಲ್ಲ.

ಎರಡನೆಯ ದಿನದ ಬೆಳಗ್ಗೆ ಬಂದವರು ಬೇರೆ. ಗಾರ್ಮೆಂಟ್ ಕಾರ್ಖಾನೆಗಳಲ್ಲಿ ವರ್ಷಗಟ್ಟಲೆ ನೇಮಕಾತಿ ನೋಡಿಕೊಂಡಿದ್ದ ಹೆಂಗಸು. ಮೈಕ್ ಬೇಡವೆಂದು ಪಕ್ಕಕ್ಕಿಟ್ಟು, ನಿಮ್ಮ ನಿಮ್ಮ ಜಾಹೀರಾತು ತೆಗೆಯಿರಿ ಎಂದರು. ನಮ್ಮ ಮೇಲ್ವಿಚಾರಕ ಹುದ್ದೆಗೆ ಮೈದುನ ಬರೆದಿದ್ದು ಎಲ್ಲರೂ ಬರೆಯುವಂಥದ್ದೇ: ಅನುಭವವುಳ್ಳ, ಚುರುಕಾದ, ಪ್ರಾಮಾಣಿಕ ವ್ಯಕ್ತಿ ಬೇಕಾಗಿದ್ದಾರೆ. ಮೂರೂ ವಿಶೇಷಣಗಳ ಮೇಲೆ ಅವರು ಗೀಟು ಎಳೆದರು. ‘ನಿಮ್ಮ ಶೆಡ್ಡಿನಲ್ಲಿ ಕೆಟ್ಟ ದಿನ ಎಂದರೆ ಏನಾಗುತ್ತದೆ ಹೇಳಿ’ ಎಂದು ಕೇಳಿದರು. ಹಾಳೆ ಸರಿಯಾಗಿ ನೆನೆಯದೆ ಅಚ್ಚಿನಲ್ಲಿ ಸೀಳುತ್ತದೆ, ಹಸಿ ಆರದ ತಟ್ಟೆ ಕಟ್ಟಿನೊಳಗೆ ಸೇರಿ ಹತ್ತು ದಿನದಲ್ಲಿ ಇಡೀ ಕಟ್ಟಿಗೆ ಬೂಷ್ಟು ಹಿಡಿಯುತ್ತದೆ, ಯಾರಿಗೆ ಎಷ್ಟು ಕಟ್ಟು ಹೋಯಿತೆಂಬ ಲೆಕ್ಕ ತಾಳೆಯಾಗುವುದಿಲ್ಲ ಎಂದೆ. ‘ಹಾಗಿದ್ದರೆ ಈ ಮೂರನ್ನು ತಡೆಯುವವರು ಬೇಕು ಎಂದೇ ಬರೆಯಿರಿ. ಸಂದರ್ಶನದಲ್ಲಿ ಈ ಮೂರನ್ನೇ ಮಾಡಿಸಿ ನೋಡಿ’ ಎಂದರು.

ಇದು ಅವರ ಸ್ವಂತ ಪವಾಡವೇನಲ್ಲ. ಕೆಲಸಕ್ಕೆ ಜನರನ್ನು ಆರಿಸುವ ಬಗೆಗಳ ಮೇಲೆ 85 ವರ್ಷಗಳಲ್ಲಿ ನಡೆದ ಅಧ್ಯಯನಗಳನ್ನು ಅಮೆರಿಕದ ಮನಃಶಾಸ್ತ್ರಜ್ಞರಾದ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ ಒಟ್ಟುಗೂಡಿಸಿ ತೂಗಿ ನೋಡಿದ್ದರು. ಕೆಲಸದ ತುಣುಕನ್ನೇ ಮಾಡಿಸಿ ನೋಡುವುದು, ಬಂದವರಿಗೆಲ್ಲ ಒಂದೇ ಪ್ರಶ್ನೆಗಳನ್ನು ಕೇಳುವುದು ಮುಂದಿನ ಸಾಲಿನಲ್ಲಿ ನಿಂತವು. ಎಷ್ಟು ವರ್ಷದ ಅನುಭವ, ಎಷ್ಟು ವರ್ಷದ ಓದು ಎಂಬವು ತೀರ ಹಿಂದೆ ಉಳಿದವು. ಇದನ್ನು ಅವರು ಎರಡೇ ನಿಮಿಷದಲ್ಲಿ ಹೇಳಿ ಮುಗಿಸಿ, ಉಳಿದ ಹೊತ್ತನ್ನೆಲ್ಲ ನಮ್ಮ ಕೈಯಲ್ಲಿ ಬರೆಸುವುದಕ್ಕೆ ಕೊಟ್ಟರು. ಸಂದರ್ಶನಕ್ಕೆ ಇಬ್ಬರು ಕೂತರೆ ಮೊದಲು ಬೇರೆ ಬೇರೆಯಾಗಿ ಅಂಕ ಹಾಕಿ, ಆಮೇಲೆ ಮಾತನಾಡಿ ಎಂದದ್ದು ನನಗಂತೂ ಬಹಳ ಉಪಯೋಗಕ್ಕೆ ಬಂತು. ನನ್ನ ಮೈದುನ ಮೊದಲು ಬಾಯಿ ತೆರೆದರೆ ಉಳಿದವರ ಅಭಿಪ್ರಾಯ ಅಲ್ಲಿಗೇ ನಿಲ್ಲುತ್ತದೆ.

ಊರಿಗೆ ಬಂದು ಹಾಗೆಯೇ ಮಾಡಿದೆವು. ಪರೀಕ್ಷೆಗೆ ಬಂದವರಿಗೆ ಅರ್ಧ ದಿನದ ಕೂಲಿ ಕೊಟ್ಟೆವು. ಬಿಟ್ಟಿ ದುಡಿಸಿಕೊಂಡರೆ ಅದು ಪರೀಕ್ಷೆಯಲ್ಲ, ಕಳ್ಳತನ ಎಂದು ಆ ಮೇಡಂ ಖಂಡಿತವಾಗಿ ಹೇಳಿದ್ದರು. ಹತ್ತು ಇಂಚಿನ ತಟ್ಟೆಗಳ ರಾಶಿಯಲ್ಲಿ ಹಸಿ ಆರದ ಕೆಲವನ್ನು ಸೇರಿಸಿಟ್ಟು ಬೇರ್ಪಡಿಸಲು ಹೇಳಿದೆವು. ಹೆಚ್ಚಿನವರು ಕಣ್ಣಿನಲ್ಲಿ ನೋಡಿ ಬಣ್ಣದ ಮೇಲೆ ಭಾಗ ಮಾಡಿದರು. ನಮ್ಮಲ್ಲೇ ಅಚ್ಚು ಒತ್ತುತ್ತಿದ್ದ ಒಬ್ಬಾಕೆ ಮಾತ್ರ ತಟ್ಟೆಯನ್ನು ಕಿವಿಯ ಹತ್ತಿರ ಹಿಡಿದು ಅಂಚಿಗೆ ಬೆರಳಿನಿಂದ ಚಿಟಿಕೆ ಹೊಡೆದಳು. ಒಣಗಿದ್ದು ಟಣ್ಣೆಂದಿತು, ಹಸಿಯದ್ದು ಡಬ್ಬೆಂದಿತು. ಒಂದೂ ತಪ್ಪಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಅವಳು ನಿಧಾನ, ಕೂಡುವಾಗ ಎರಡು ಸಲ ತಪ್ಪಿದಳು. ಆದರೂ ಅವಳನ್ನೇ ಆರಿಸಿದೆವು. ಲೆಕ್ಕಕ್ಕೆ ವಾರದಲ್ಲಿ ಎರಡು ದಿನ ಮೈದುನನ ಮಗಳು ಬಂದು ಕಲಿಸುತ್ತಿದ್ದಾಳೆ. ಇದು ಎಷ್ಟು ಸರಿಹೋಗುತ್ತದೆ ಎಂದು ಮಳೆಗಾಲ ಕಳೆದ ಮೇಲೆ ಹೇಳಬೇಕು.

ನೇಮಕದ ಪತ್ರದಲ್ಲಿ ಸಂಬಳ, ರಜೆ, ಕೆಲಸದ ಹೊತ್ತು ಬರೆದುಕೊಡಿ ಎಂದೂ ಅವರು ಒತ್ತಿ ಹೇಳಿದರು. ಹತ್ತು ಜನರಾದರೆ ಕೆಲಸಗಾರರ ಆರೋಗ್ಯ ವಿಮೆಯಾದ ಇಎಸ್‌ಐ, ಇಪ್ಪತ್ತಾದರೆ ಭವಿಷ್ಯ ನಿಧಿ, ಅಂದರೆ ಪಿಎಫ್. ಇಎಸ್‌ಐಗೆ ಮಾಲೀಕರ ಪಾಲು ಸಂಬಳದ 3.25 ಶೇಕಡ, ಕೆಲಸಗಾರರದ್ದು 0.75 ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದರು. ಕೈಗೆ ಬರುವುದೆಷ್ಟು, ಮುರಿಯುವುದೆಷ್ಟು ಎಂದು ಮೊದಲ ದಿನವೇ ಹೇಳದಿದ್ದರೆ ಎರಡನೆಯ ತಿಂಗಳು ಜಗಳ ಖಚಿತ ಎಂದದ್ದು ಅಕ್ಷರಶಃ ನಿಜ.

ಮಧ್ಯಾಹ್ನದ ಊಟ ಸಾಧಾರಣ. ಕಾಫಿಯ ಬಗ್ಗೆ ಬರೆಯದಿರುವುದೇ ಲೇಸು. ಕಾಫಿ ಬೆಳೆಯುವ ಸೀಮೆಗೆ ಬಂದು ಅದನ್ನು ಕೊಡುವ ಧೈರ್ಯ ಹೇಗೆ ಬಂತೋ.

ಬ್ರ್ಯಾಂಡಿಂಗ್ ಪಾಠದ ಮೊದಲರ್ಧ ಮತ್ತೆ ಬಲೂನಿನ ಯುವಕನದ್ದು. ನಿಮ್ಮ ಕಥೆ ಹೇಳಿ, ಅಜ್ಜಿಯ ಫೋಟೊ ಹಾಕಿ, ಮಂಜು ಮುಸುಕಿದ ಬೆಟ್ಟ ಹಾಕಿ ಎಂದ. ಮಲೆನಾಡಿನಿಂದ ಹೊರಡುವ ಉಪ್ಪಿನಕಾಯಿ, ಜೇನು, ಕಾಫಿಪುಡಿ, ಹೋಂಸ್ಟೇ ಎಲ್ಲದರ ಮೇಲೂ ಅದೇ ಬೆಟ್ಟ, ಅದೇ ಮಂಜು, ಅದೇ ಜೋಗ. ಇನ್ನೊಂದು ಬೆಟ್ಟ ಸೇರಿದರೆ ಯಾರ ಕಣ್ಣಿಗೆ ಬಿದ್ದೀತು? ನಮ್ಮ ಗಿರಾಕಿಗಳು ಅಡುಗೆ ಭಟ್ಟರು, ಕಲ್ಯಾಣ ಮಂಟಪಗಳಿಗೆ ಸಾಮಾನು ಒದಗಿಸುವವರು. ಅವರು ಲೇಬಲ್ ನೋಡುವುದಿಲ್ಲ. ಮೂರನೆಯ ಪಂಕ್ತಿಯಲ್ಲಿ ಸಾರು ಬಡಿಸುವಾಗ ತಟ್ಟೆ ಸೋರಿತೇ ಎಂದು ನೋಡುತ್ತಾರೆ. ಸೋರಿದರೆ ಮುಂದಿನ ಮದುವೆಗೆ ಬೇರೆಯವರ ತಟ್ಟೆ. ‘ನೂರಕ್ಕೆ ನೂರು ಸುರಕ್ಷಿತ ಎಂದು ದೊಡ್ಡದಾಗಿ ಮುದ್ರಿಸಿ’ ಎಂಬ ಸಲಹೆ ಬಂದಾಗ ಸುಮ್ಮನಿರಲಾಗಲಿಲ್ಲ. ಅಡಿಕೆ ಹಾಳೆಯ ತಟ್ಟೆಗಳಿಂದ ಅಡಿಕೆಯಲ್ಲಿನ ರಾಸಾಯನಿಕಗಳಾದ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಇಳಿಯಬಹುದು ಎಂಬ ಕಾರಣ ಕೊಟ್ಟು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ ಅಂಥ ಆಮದಿಗೆ ತಡೆಯೊಡ್ಡಿತು. ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ ಸಂಗತಿ ಇದು. ಪ್ರಯೋಗಾಲಯದ ವರದಿ ಕೈಯಲ್ಲಿಲ್ಲದೆ ಪೊಟ್ಟಣದ ಮೇಲೆ ಆಣೆ ಪ್ರಮಾಣ ಮುದ್ರಿಸುವುದು ಜಾಣತನವಲ್ಲ ಎಂದು ಎದ್ದು ನಿಂತು ಹೇಳಿದೆ. ಆತ ನೋಟ್ ಮಾಡಿಕೊಂಡ, ಅದಕ್ಕೆ ಮೆಚ್ಚುಗೆಯಿದೆ.

ಕಾಳು ಸಿಕ್ಕಿದ್ದು ಎರಡನೆಯ ಅರ್ಧದಲ್ಲಿ, ಒಬ್ಬ ವಕೀಲರಿಂದ. ಸರಕಿನ ಜಾತಿಯನ್ನೋ ಊರನ್ನೋ ಅಷ್ಟೇ ಹೇಳುವ ಹೆಸರಿಗೆ 1999ರ ಟ್ರೇಡ್ ಮಾರ್ಕ್ ಕಾಯ್ದೆಯ 9ನೆಯ ಸೆಕ್ಷನ್ ಅಡ್ಡ ಬರುತ್ತದೆ, ‘ಮಲೆನಾಡು ಹಾಳೆ ತಟ್ಟೆ’ಯಂಥ ಹೆಸರಿಟ್ಟು ನೋಂದಣಿಗೆ ಹೋದರೆ ತಿರಸ್ಕಾರ ಬಹುತೇಕ ಖಾತ್ರಿ ಎಂದು ವಿವರಿಸಿದರು. ನೋಂದಣಿಗೆ ಸರಕುಗಳನ್ನು ವಿಂಗಡಿಸುವಾಗ ಬಳಸಿ ಎಸೆಯುವ ತಟ್ಟೆಗಳು 21ನೆಯ ವರ್ಗಕ್ಕೆ ಬರುತ್ತವೆ. ಸಣ್ಣ ಉದ್ದಿಮೆಗೆ ಆನ್‌ಲೈನ್ ಅರ್ಜಿಯ ಶುಲ್ಕ ವರ್ಗಕ್ಕೆ 4,500 ರೂಪಾಯಿ. ನೋಂದಣಿ ಹತ್ತು ವರ್ಷಕ್ಕೆ, ಆಮೇಲೆ ನವೀಕರಣ. ಡಬ್ಬಿ, ಚೀಲ ಮುದ್ರಿಸುವ ಮೊದಲು ಇಲಾಖೆಯ ಜಾಲತಾಣದಲ್ಲಿ ಅದೇ ಹೆಸರು ಬೇರೆಯವರದ್ದಾಗಿದೆಯೇ ಎಂದು ಪುಕ್ಕಟೆಯಾಗಿ ಹುಡುಕಬಹುದು ಎಂದು ಪರದೆಯ ಮೇಲೆ ಮಾಡಿಯೇ ತೋರಿಸಿದರು.

ಕೊಟ್ಟ ಪುಸ್ತಕ ಪೂರ್ತಿ ಇಂಗ್ಲಿಷಿನಲ್ಲಿದೆ, ಸಂದರ್ಶನದ ಅಂಕಪಟ್ಟಿಯ ಒಂದು ಹಾಳೆ ಮಾತ್ರ ಕನ್ನಡದಲ್ಲಿದೆ. ಆ ಒಂದನ್ನು ನಕಲು ಮಾಡಿಸಿ ಇಟ್ಟುಕೊಳ್ಳಿ. ಎರಡನೆಯ ದಿನಕ್ಕಷ್ಟೇ ದುಡ್ಡು ಕಟ್ಟಬಹುದೇ ಎಂದು ಸಾಗರದವರ ಪರವಾಗಿ ಕೇಳಿದೆ, ಆಗುವುದಿಲ್ಲ ಎಂದರು. ಆದರೂ ಈ ವರ್ಷ ಒಬ್ಬರನ್ನಾದರೂ ಕೆಲಸಕ್ಕೆ ತೆಗೆದುಕೊಳ್ಳುವವರಿದ್ದರೆ ಹೋಗಿ. ಒಬ್ಬರೇ ಕೂತು ಆ್ಯಪ್ ಮಾಡುತ್ತಿರುವ ಹುಡುಗರು ಇನ್ನೊಂದು ವರ್ಷ ಬಿಟ್ಟು ಹೋದರೂ ಸಾಕು. ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಹಾಕಿಸಿಕೊಳ್ಳಲು ಮರೆಯಬೇಡಿ. ಫೌಂಡ್ರಿಯಂಥ ತೆರಿಗೆಯುಳ್ಳ ಕಸುಬಿನವರು ಶುಲ್ಕದ ಮೇಲಿನ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ಹಾಳೆ ತಟ್ಟೆಗೆ 2019ರ ಅಕ್ಟೋಬರಿನಿಂದ ಜಿಎಸ್‌ಟಿಯೇ ಇಲ್ಲವಾದ್ದರಿಂದ ನಮ್ಮಂಥವರಿಗೆ ಆ ದುಡ್ಡು ಹೋಯಿತೆಂದೇ ಲೆಕ್ಕ.