ಓದಿದ್ದು ಹೊರಬರಬೇಕಾದರೆ: ಮರುಓದು, ಖಾಲಿ ಹಾಳೆ, ಚೀಟಿ ಡಬ್ಬಿ ಮತ್ತು ಊರಿನ ರಸ್ತೆ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಕಲಬುರಗಿಯಲ್ಲಿ ಪುಸ್ತಕಗಳಿಗಾಗಲಿ ತರಬೇತಿ ತರಗತಿಗಳಿಗಾಗಲಿ ಕೊರತೆಯಿಲ್ಲ. ಆದರೆ ಓದಿದ್ದನ್ನು ಪರೀಕ್ಷೆಯ ದಿನ ತಲೆಯಿಂದ ಹೊರತೆಗೆಯುವುದು ಹೇಗೆ ಎಂಬುದನ್ನು ಯಾರೂ ಪ್ರತ್ಯೇಕವಾಗಿ ಹೇಳಿಕೊಡುವುದಿಲ್ಲ. ಕೆಎಎಸ್ ಪರೀಕ್ಷೆಯ ಸಿದ್ಧತೆಯಲ್ಲಿದ್ದಾಗ ನಾನು ಇತಿಹಾಸ ಮತ್ತು ಸಂವಿಧಾನದ ಭಾಗಗಳನ್ನು ನಾಲ್ಕು ಪಾಲು ಮಾಡಿಕೊಂಡು, ಒಂದೊಂದು ಪಾಲನ್ನು ಒಂದೊಂದು ವಿಧಾನದಲ್ಲಿ ಓದಿ, ವಾರಗಳು ಕಳೆದ ಮೇಲೆ ಯಾವುದರಲ್ಲಿ ಎಷ್ಟು ಉಳಿದಿದೆ ಎಂದು ಪರೀಕ್ಷಿಸಿಕೊಂಡೆ. ಇದು ಪ್ರಯೋಗಾಲಯದ ಅಧ್ಯಯನವಲ್ಲ, ಒಬ್ಬನೇ ಓದುಗನ ಅನುಭವ. ಆದರೂ ಮನೋವಿಜ್ಞಾನಿಗಳು ಈ ವಿಷಯದಲ್ಲಿ ಕಂಡುಕೊಂಡದ್ದಕ್ಕೂ ನನಗೆ ಕಂಡದ್ದಕ್ಕೂ ಬಹುಮಟ್ಟಿಗೆ ತಾಳೆಯಾಯಿತು.

ಹೋಲಿಕೆಗೆ ಇಳಿಯುವ ಮೊದಲು ಅಳತೆಗೋಲನ್ನು ಸ್ಪಷ್ಟಪಡಿಸಬೇಕು. ನೆನಪು ಎಂಬುದು ಒಂದೇ ಕೆಲಸವಲ್ಲ. ವಿಷಯವನ್ನು ಮನಸ್ಸಿಗೆ ತೆಗೆದುಕೊಳ್ಳುವುದು, ಅದನ್ನು ಉಳಿಸಿಕೊಳ್ಳುವುದು, ಬೇಕಾದಾಗ ಹೊರತೆಗೆಯುವುದು ಬೇರೆ ಬೇರೆ ಹಂತಗಳು, ಮತ್ತು ಒಂದು ಕೆಟ್ಟರೂ ಮತ್ತೊಂದು ನಡೆಯಬಲ್ಲದು. ಇದಕ್ಕೆ ಎಲ್ಲಕ್ಕಿಂತ ಪ್ರಬಲವಾದ ಸಾಕ್ಷ್ಯ ಅಮೆರಿಕದ ಹೆನ್ರಿ ಮೊಲೈಸನ್ ಎಂಬ ರೋಗಿಯದು. ಮೂರ್ಛೆರೋಗದ ಪರಿಹಾರಕ್ಕೆಂದು 1953ರಲ್ಲಿ ಅವರ ಮೆದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ ಭಾಗವನ್ನು ಬಹುಪಾಲು ತೆಗೆದ ಮೇಲೆ, ಬಾಲ್ಯದ ಸಂಗತಿಗಳನ್ನು ಹೇಳಬಲ್ಲವರಾಗಿದ್ದ ಅವರಿಗೆ ಹೊಸದಾಗಿ ಭೇಟಿಯಾದವರ ಮುಖ ಕೆಲವೇ ನಿಮಿಷಗಳಲ್ಲಿ ಮರೆತುಹೋಗುತ್ತಿತ್ತು. ಹಳೆಯದು ಹೊರಬರುತ್ತಿತ್ತು, ಹೊಸದು ಒಳಗೆ ನಿಲ್ಲುತ್ತಿರಲಿಲ್ಲ. ಆರೋಗ್ಯವಂತರಾದ ನಮ್ಮ ತೊಂದರೆ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ: ಒಳಗೆ ಇದೆ, ಬಾಯಿಗೆ ಬರುವುದಿಲ್ಲ. ರಾಬರ್ಟ್ ಮತ್ತು ಎಲಿಜಬೆತ್ ಬ್ಯೋರ್ಕ್ ಎಂಬ ಮನೋವಿಜ್ಞಾನಿಗಳು 1992ರಲ್ಲಿ ಈ ಎರಡನ್ನು ಸಂಗ್ರಹದ ಬಲ ಮತ್ತು ಹೊರತೆಗೆಯುವ ಬಲ ಎಂದು ಬೇರ್ಪಡಿಸಿ ಹೇಳಿದರು. ಆದ್ದರಿಂದ ಓದುವಾಗ ಎಷ್ಟು ಸಲೀಸಾಗಿತ್ತು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ತಿಂಗಳ ನಂತರ ಅನಿರೀಕ್ಷಿತವಾಗಿ ಕೇಳಿದಾಗ ಎಷ್ಟು ಬಂತು ಎಂಬುದನ್ನಷ್ಟೇ ನಾನು ಅಳತೆಗೋಲು ಮಾಡಿಕೊಂಡೆ.

ಈ ಅಳತೆಯಲ್ಲಿ ಮೊದಲು ಸೋತದ್ದು ಮರುಓದು. ನಮ್ಮಲ್ಲಿ ಬಹುತೇಕರು ಮಾಡುವುದು ಇದನ್ನೇ: ಹಳದಿ ಹೈಲೈಟರ್ ಹಿಡಿದು ಗೆರೆ ಎಳೆಯುವುದು, ಮತ್ತೆ ಅದೇ ಪುಟಕ್ಕೆ ಬರುವುದು, ಸಾಲುಗಳು ಪರಿಚಿತವೆನಿಸಿದ ಕೂಡಲೇ ಮುಂದಕ್ಕೆ ಸಾಗುವುದು. ಪರಿಚಯ ಬೇರೆ, ನೆನಪು ಬೇರೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಗದ್ಯಭಾಗವೊಂದನ್ನು ಎರಡು ಬಾರಿ ಓದಿದ ವಿದ್ಯಾರ್ಥಿಗಳು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ಅವರಿಗೆ ಉಳಿದದ್ದು ಸುಮಾರು ಶೇ. 42, ಒಮ್ಮೆ ಓದಿ ಒಮ್ಮೆ ನೋಡದೆ ಬರೆದವರಿಗೆ ಸುಮಾರು ಶೇ. 56. ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ನಿಂತು ಕೊನೆಯ ಗಳಿಗೆಯವರೆಗೆ ಗೈಡು ತಿರುವುವವರಿಗೆ ಈ ವಿಧಾನದ ಮೇಲಿರುವ ನಂಬಿಕೆಯ ಗುಟ್ಟು ಆ ಐದು ನಿಮಿಷದ ಲಾಭದಲ್ಲಿದೆ. ಮೊದಲ ಬಾರಿ ಅರ್ಥ ಮಾಡಿಕೊಳ್ಳಲು ಓದು ಬೇಕೇ ಬೇಕು. ಎರಡನೆಯ ಮತ್ತು ಮೂರನೆಯ ಓದಿಗೆ ಸುರಿದ ಸಮಯಕ್ಕೆ ತಕ್ಕ ಪ್ರತಿಫಲ ಮಾತ್ರ ನನಗೆ ಕಾಣಲಿಲ್ಲ.

ಖಾಲಿ ಹಾಳೆಯ ವಿಧಾನವನ್ನು ನಾನು ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ವಿಶೇಷ ಸ್ಥಾನಮಾನ ನೀಡುವ ಸಂವಿಧಾನದ 371ಜೆ ವಿಧಿಗೆ ಬಳಸಿದೆ. ಪಾಠವನ್ನು ಒಮ್ಮೆ ನಿಧಾನವಾಗಿ ಓದಿ, ಪುಸ್ತಕ ಮುಚ್ಚಿ, ಚಹಾ ಕುಡಿದು ಬಂದು, ಬಿಳಿ ಹಾಳೆಯ ಮೇಲೆ ನೆನಪಾದಷ್ಟನ್ನು ಬರೆಯುವುದು. ಬಳಿಕ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ಸೇರಿಸುವುದು. ನಡುವೆ ಚಹಾ ಕುಡಿಯುವುದು ನೆಪವಲ್ಲ. ಪುಸ್ತಕ ಮುಚ್ಚಿದ ಕೂಡಲೇ ಬರೆದರೆ ಆ ಕ್ಷಣದಲ್ಲಿ ಮನಸ್ಸಿನ ಮುಂಭಾಗದಲ್ಲಿ ಸುಳಿದಾಡುತ್ತಿರುವ ನಾಲ್ಕಾರು ತುಣುಕುಗಳಷ್ಟೇ ಹಾಳೆಗೆ ಇಳಿಯುತ್ತವೆ, ಅವು ದೀರ್ಘಕಾಲದ ನೆನಪಿನಿಂದ ಬಂದವೆಂದು ಹೇಳಲಾಗದು. ಮೊದಲ ಸಲ ಅರ್ಧ ಪುಟ ದಾಟುವುದೂ ಕಷ್ಟವಾಯಿತು, ಮತ್ತು ಕೆಂಪು ಶಾಯಿಯೇ ಹೆಚ್ಚಾಗಿ ಕಾಣುವ ಆ ಹಾಳೆ ಯಾರ ಉತ್ಸಾಹವನ್ನಾದರೂ ಕುಗ್ಗಿಸುವಂಥದ್ದು. ಆದರೆ ತಿಂಗಳ ನಂತರ ವಿಧಿಯ ಒಟ್ಟು ರಚನೆ ಕೈಬಿಡಲಿಲ್ಲ: ರಾಷ್ಟ್ರಪತಿಗಳ ಆದೇಶದ ಮೂಲಕ ರಾಜ್ಯಪಾಲರಿಗೆ ಬರುವ ವಿಶೇಷ ಹೊಣೆ, ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಅದರ ವರದಿ ಪ್ರತಿವರ್ಷ ವಿಧಾನಸಭೆಯ ಮುಂದೆ ಬರಬೇಕೆಂಬ ನಿಯಮ, ಶಿಕ್ಷಣ ಮತ್ತು ಉದ್ಯೋಗದಲ್ಲಿ ಹುಟ್ಟು ಅಥವಾ ವಾಸದ ಆಧಾರದ ಮೇಲೆ ಈ ಭಾಗದವರಿಗೆ ಮೀಸಲು, ಇವೆಲ್ಲ ಒಂದರ ಹಿಂದೊಂದು ಬಂದವು. ಏಕೆ ಎಂಬ ಪ್ರಶ್ನೆಗೂ ಉತ್ತರಿಸಲು ಸಾಧ್ಯವಾಯಿತು. ಬಿಟ್ಟುಹೋದದ್ದು ಬಿಡಿ ಅಂಕಿಗಳು: ಅದು 98ನೇ ತಿದ್ದುಪಡಿಯೋ 97ನೆಯದೋ ಎಂಬಂಥವು. ಹೊಂದಿಕೊಂಡ ಸಂಗತಿಗಳು ಒಂದನ್ನೊಂದು ಎಳೆದು ತರುತ್ತವೆ. ಅಂಕಿಗೆ ಆ ಬಗೆಯ ನೆಂಟರಿಲ್ಲ.

ಅಂಕಿಗಳಿಗೆಂದೇ ಚೀಟಿ ಡಬ್ಬಿಯನ್ನು ಹೂಡಿದೆ. ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಪತ್ರಕರ್ತ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ವ್ಯವಸ್ಥೆ ಇದು. ಚೀಟಿಯ ಒಂದು ಮಗ್ಗುಲಲ್ಲಿ ಪ್ರಶ್ನೆ, ಇನ್ನೊಂದರಲ್ಲಿ ಉತ್ತರ. ಡಬ್ಬಿಯಲ್ಲಿ ಸಾಲಾಗಿ ಖಾನೆಗಳು. ಸರಿಯಾಗಿ ಹೇಳಿದ ಚೀಟಿ ಮುಂದಿನ ಖಾನೆಗೆ ಹೋಗುತ್ತದೆ, ತಪ್ಪಿದ್ದು ಮೊದಲ ಖಾನೆಗೆ ಮರಳುತ್ತದೆ. ಮುಂದಿನ ಖಾನೆಗಳನ್ನು ಹೆಚ್ಚು ಹೆಚ್ಚು ಅಂತರದಲ್ಲಿ ತೆರೆಯಬೇಕು. ಮನೆಯಲ್ಲಿ ರಾಶಿ ಬಿದ್ದಿದ್ದ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಶೂ ಡಬ್ಬಿಗೆ ರಟ್ಟಿನ ಅಡ್ಡಗೋಡೆ ಹಚ್ಚಿ ಇದನ್ನು ಮಾಡಿಕೊಂಡೆ. ಮೊಬೈಲ್‌ನಲ್ಲಿ ಇದೇ ಕೆಲಸ ಮಾಡುವ ಆ್ಯಪ್‌ಗಳಿವೆ, ಆದರೆ ಮೊಬೈಲ್ ಕೈಗೆ ಬಂದರೆ ಚೀಟಿಗಿಂತ ಬೇರೆಯದೇ ಹೆಚ್ಚು ನೋಡಲಾಗುತ್ತದೆ. ಅಂತರ ಕೊಟ್ಟು ಮರಳಿ ನೋಡುವುದರ ಲಾಭ ಹೊಸ ಸಂಗತಿಯೇನಲ್ಲ. ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ 1885ರಲ್ಲಿ ಇದನ್ನು ದಾಖಲಿಸಿದ್ದಾರೆ. ಮರೆವು ಮೊದಲ ಗಂಟೆಗಳಲ್ಲಿ ಕಡಿದಾಗಿ ಇಳಿದು ನಂತರ ನಿಧಾನವಾಗುತ್ತದೆ ಎಂದು ತೋರಿಸಿದವರೂ ಅವರೇ.

ಬಿಡಿ ಇಸವಿಗಳ ಮಟ್ಟಿಗೆ ಡಬ್ಬಿಯನ್ನು ಮೀರಿಸುವುದು ಯಾವುದೂ ಇಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಬಹಮನಿ ರಾಜ್ಯ ಸ್ಥಾಪನೆ 1347, ಕಲಬುರಗಿ ಕೋಟೆಯ ಜಾಮಿ ಮಸೀದಿ 1367, ಬೀದರಿನ ಮಹಮೂದ್ ಗವಾನ್ ಮದರಸಾ 1472, ಗವಾನ್ ಹತ್ಯೆ 1481, ಬೀದರಿನ ಬರೀದ್‌ಶಾಹಿ ಬಿಜಾಪುರಕ್ಕೆ ಸೇರಿದ್ದು 1619. ಇವು ಈಗಲೂ ತಡವಿಲ್ಲದೆ ಬರುತ್ತವೆ. ಆದರೆ ಡಬ್ಬಿಯಲ್ಲಿ ಒಂದು ಸೂಕ್ಷ್ಮ ದೋಷವಿದೆ. ಬರೀದ್‌ಶಾಹಿಯ ಚೀಟಿಯ ಮೂಲೆಗೆ ಲಗ್ನಪತ್ರಿಕೆಯ ಅರಿಶಿನ ಹತ್ತಿತ್ತು. ಅರಿಶಿನದ ಕಲೆ ಕಂಡರೆ ಸಾಕು, ಪ್ರಶ್ನೆ ಓದುವ ಮೊದಲೇ 1619 ನಾಲಗೆಗೆ ಬರುತ್ತಿತ್ತು. ಅದೇ ಪ್ರಶ್ನೆಯನ್ನು ಗೆಳೆಯ ಬಾಯಲ್ಲಿ ಕೇಳಿದರೆ ಕ್ಷಣಕಾಲ ತಡೆಯುತ್ತಿತ್ತು. ನೆನಪಾದದ್ದು ಚೀಟಿ, ಇತಿಹಾಸವಲ್ಲ. ಎಂಡೆಲ್ ಟಲ್ವಿಂಗ್ ಮತ್ತು ಡೊನಾಲ್ಡ್ ಥಾಮ್ಸನ್ 1973ರಲ್ಲಿ ಪ್ರತಿಪಾದಿಸಿದ ತತ್ವ ಇಲ್ಲಿ ಕಣ್ಣಿಗೆ ಕಾಣುವಂತಿದೆ: ವಿಷಯ ಒಳಗೆ ಹೋಗುವಾಗ ಜೊತೆಗಿದ್ದ ಸುಳಿವು ಹೊರತೆಗೆಯುವಾಗಲೂ ಸಿಕ್ಕರೆ ಮಾತ್ರ ಅದು ಸುಲಭವಾಗಿ ಬರುತ್ತದೆ. ಪ್ರಶ್ನೆಪತ್ರಿಕೆಗೆ ಅರಿಶಿನ ಹಚ್ಚಿರುವುದಿಲ್ಲವಾದ್ದರಿಂದ ಅಂಥ ಚೀಟಿಗಳನ್ನು ತೆಗೆದು, ಪ್ರಶ್ನೆಯ ಮಾತನ್ನು ಬದಲಿಸಿ, ಹೊಸದಾಗಿ ಬರೆಯಬೇಕಾಗುತ್ತದೆ.

ಇದೇ ತತ್ವದ ಇನ್ನೊಂದು ರೂಪ ಓದುವ ಜಾಗಕ್ಕೆ ಸಂಬಂಧಿಸಿದ್ದು. ಗಾಡನ್ ಮತ್ತು ಬ್ಯಾಡ್ಲಿ ಎಂಬ ಸಂಶೋಧಕರು 1975ರಲ್ಲಿ ಮುಳುಗುಗಾರರ ಮೇಲೆ ನಡೆಸಿದ ಪ್ರಯೋಗದಲ್ಲಿ, ನೀರಿನಡಿ ಕಲಿತ ಪದಗಳು ನೀರಿನಡಿಯಲ್ಲೂ, ದಡದಲ್ಲಿ ಕಲಿತವು ದಡದಲ್ಲೂ ಹೆಚ್ಚು ನೆನಪಾದವು. ಗ್ರಂಥಾಲಯದಲ್ಲಿ ಫ್ಯಾನಿನ ಕೆಳಗಿನ ಅದೇ ಕುರ್ಚಿಗಾಗಿ ಬೆಳಿಗ್ಗೆಯೇ ಬಂದು ಚೀಲವಿಟ್ಟು ಕಾಯುವವರು ಇದನ್ನು ಗಮನಿಸಬಹುದು, ಕಲಬುರಗಿಯ ಬೇಸಿಗೆಯಲ್ಲಿ ಆ ಕುರ್ಚಿಯ ಆಸೆ ಬಿಡುವುದು ಸುಲಭವಲ್ಲದಿದ್ದರೂ.

ಕೊನೆಯದು ಊರಿನ ರಸ್ತೆ. ಪರಿಚಿತ ದಾರಿಯ ಒಂದೊಂದು ಠಾವಿನಲ್ಲಿ ಒಂದೊಂದು ಸಂಗತಿಯನ್ನು ಚಿತ್ರವಾಗಿ ನಿಲ್ಲಿಸಿ, ಬೇಕಾದಾಗ ಮನಸ್ಸಿನಲ್ಲಿಯೇ ಆ ದಾರಿ ನಡೆಯುವ ಈ ವಿದ್ಯೆಯನ್ನು ಗ್ರೀಕ್ ಕವಿ ಸಿಮೊನಿಡೀಸ್‌ನ ಹೆಸರಿಗೆ ಕಟ್ಟುತ್ತಾರೆ. ಎಲೀನರ್ ಮಗ್ವೈರ್ ಮತ್ತು ಸಂಗಡಿಗರು ಸ್ಮರಣಶಕ್ತಿ ಸ್ಪರ್ಧೆಗಳಲ್ಲಿ ಮಿಂಚುವವರನ್ನು ಪರೀಕ್ಷಿಸಿ 2003ರಲ್ಲಿ ಹೇಳಿದ್ದೆಂದರೆ, ಅವರ ಬುದ್ಧಿಮತ್ತೆಯಲ್ಲಾಗಲಿ ಮೆದುಳಿನ ರಚನೆಯಲ್ಲಾಗಲಿ ವಿಶೇಷವಿರಲಿಲ್ಲ, ಹೆಚ್ಚಿನವರು ಈ ದಾರಿಯ ತಂತ್ರ ಬಳಸುತ್ತಿದ್ದರು. ನಾನು ಮಳಖೇಡದ ರಾಷ್ಟ್ರಕೂಟರನ್ನು ಕಲಬುರಗಿ ರೈಲು ನಿಲ್ದಾಣದಿಂದ ಕೋಟೆಯವರೆಗೆ ನಿಲ್ಲಿಸಿದೆ. ನಿಲ್ದಾಣದ ಬಾಗಿಲಲ್ಲಿ ಆನೆಯೇರಿದ ದಂತಿದುರ್ಗ. ಪಟೇಲ್ ವೃತ್ತದಲ್ಲಿ ಎಲ್ಲೋರದ ಕೈಲಾಸ ದೇಗುಲ ಕೊರೆಯಿಸಿದ ಒಂದನೇ ಕೃಷ್ಣ, ಕೈಯಲ್ಲಿ ಉಳಿ ಹಿಡಿದು. ಜಗತ್ ವೃತ್ತದಲ್ಲಿ ಇಮ್ಮಡಿ ಗೋವಿಂದ. ಸೂಪರ್ ಮಾರ್ಕೆಟ್ಟಿನಲ್ಲಿ ಅಣ್ಣನನ್ನು ಬದಿಗೊತ್ತಿ ಪಟ್ಟವೇರಿದ ಧ್ರುವ. ಕೋಟೆಯ ಕಂದಕದ ಅಂಚಿನಲ್ಲಿ ಮುಮ್ಮಡಿ ಗೋವಿಂದ. ಒಳಗೆ ಅಮೋಘವರ್ಷ ನೃಪತುಂಗ. ಚಿತ್ರ ಎಷ್ಟು ವಿಚಿತ್ರವೋ ಅಷ್ಟು ಗಟ್ಟಿ. ಅನುಕ್ರಮವನ್ನು ಹಿಂದಿನಿಂದ ಮುಂದಕ್ಕೂ ಮುಂದಿನಿಂದ ಹಿಂದಕ್ಕೂ ಎಡವದೆ ಹೇಳಬಹುದು, ಮತ್ತು ಇದನ್ನು ಉಳಿದ ಮೂರು ವಿಧಾನಗಳಲ್ಲಿ ಯಾವುದೂ ಇಷ್ಟು ಬೇಗ ಕೊಡಲಿಲ್ಲ.

ಅದೇ ರಸ್ತೆಗೆ ಬಹಮನಿ ಸುಲ್ತಾನರನ್ನೂ ತಂದು ನಿಲ್ಲಿಸಿದಾಗ ಗೊಂದಲ ಶುರುವಾಯಿತು. ಹಸನ್ ಬಹಮನ್ ಶಾ, ಒಂದನೇ ಮುಹಮ್ಮದ್, ಮುಜಾಹಿದ್ ಆದ ಮೇಲೆ ನಾಲ್ಕನೆಯ ಠಾವಾದ ಸೂಪರ್ ಮಾರ್ಕೆಟ್ಟು ದಾವೂದನ ಪಾಲಿಗೆ ಬಂತು. ಮುಜಾಹಿದ್ ಹತ್ಯೆಯ ಬಳಿಕ ಪಟ್ಟಕ್ಕೆ ಬಂದ ಆತನೂ, ಮೊದಲೇ ಅಲ್ಲಿದ್ದ ಧ್ರುವನೂ ಒಬ್ಬರ ಜಾಗದಲ್ಲಿ ಒಬ್ಬರು ಎದುರಾಗತೊಡಗಿದರು. ಒಂದೇ ಸುಳಿವಿಗೆ ಎರಡು ಉತ್ತರ ಕಟ್ಟಿದರೆ ಹಳೆಯದು ಹೊಸದಕ್ಕೆ ಅಡ್ಡ ಬರುತ್ತದೆ. ಪಟ್ಟಿಗಳನ್ನು ಒಂದರ ಮೇಲೊಂದು ಕಲಿತವರು ಕೊನೆಯ ಪಟ್ಟಿಯನ್ನೇ ಹೆಚ್ಚು ಮರೆಯುವುದಕ್ಕೆ ಇದೇ ಕಾರಣವೆಂದು ಬೆಂಟನ್ ಅಂಡರ್‌ವುಡ್ 1957ರಲ್ಲೇ ವಿವರಿಸಿದ್ದರು. ಸುಲ್ತಾನರನ್ನು ಬೀದರಿಗೆ ಸಾಗಿಸಿ, ಚೌಬಾರಾದಿಂದ ಗವಾನ್ ಮದರಸಾ ಹಾಯ್ದು ಕೋಟೆಗೆ ಹೋಗುವ ದಾರಿಯಲ್ಲಿ ನಿಲ್ಲಿಸಿದ ಮೇಲೆಯೇ ಜಗಳ ನಿಂತದ್ದು. ಅಂದರೆ ಈ ವಿಧಾನಕ್ಕೆ ಪಟ್ಟಿಗೊಂದು ದಾರಿ ಬೇಕು, ದಾರಿಗಳು ಅಪರಿಮಿತವಲ್ಲ. ಅಲ್ಲದೆ ಧ್ರುವ ಸೂಪರ್ ಮಾರ್ಕೆಟ್ಟಿನಲ್ಲಿ ನಿಂತಿದ್ದಾನೆಂಬುದು ಅವನ ಉತ್ತರದ ದಂಡಯಾತ್ರೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಸಾಲಿಗೆ ಇದು ಶ್ರೇಷ್ಠ, ಅರ್ಥಕ್ಕೆ ನಿರುಪಯೋಗಿ.

ಇವುಗಳಲ್ಲಿ ಒಂದನ್ನೇ ಆರಿಸಬೇಕೆಂದರೆ ನನ್ನ ಆಯ್ಕೆ ಖಾಲಿ ಹಾಳೆ. ಮುಖ್ಯ ಪರೀಕ್ಷೆಯ ವಿವರಣಾತ್ಮಕ ಉತ್ತರಕ್ಕೆ ಅದಕ್ಕಿಂತ ಹತ್ತಿರದ ಅಭ್ಯಾಸವಿಲ್ಲ. ಪೂರ್ವಭಾವಿಯಲ್ಲಿ ಉತ್ತರಗಳು ಕಣ್ಣೆದುರಿಗೇ ಇರುವುದರಿಂದ ಗುರುತಿಸಿದರೆ ಸಾಕೆಂದು ವಾದಿಸುವವರಿದ್ದಾರೆ. ಆದರೆ ಹತ್ತಿರ ಹತ್ತಿರದ ಇಸವಿಗಳನ್ನೇ ಆಯ್ಕೆಗಳಾಗಿ ಕೊಟ್ಟಾಗ ಎಲ್ಲವೂ ಪರಿಚಿತವೆನಿಸುತ್ತವೆ, ಅಲ್ಲಿ ಡಬ್ಬಿ ಬೇಕಾಗುತ್ತದೆ.

ಖಾಲಿ ಹಾಳೆಗೂ ಡಬ್ಬಿಗೂ ಸಮನಾಗಿ ನಿಲ್ಲುವ, ಖರ್ಚೇ ಇಲ್ಲದ ಇನ್ನೊಂದು ಮಾರ್ಗ ಕೋಣೆಯ ಗೆಳೆಯನಿಂದ ಪ್ರಶ್ನೆ ಕೇಳಿಸಿಕೊಂಡು ಉತ್ತರ ಹೇಳುವುದು. ಉತ್ತರ ತಡವಾದ ಕೂಡಲೇ ನನ್ನ ಕೈ ಪುಸ್ತಕದ ಕಡೆಗೆ ಹೋಗುತ್ತದೆ; ಅವನು ಪುಸ್ತಕವನ್ನು ತನ್ನ ತೊಡೆಯಡಿ ಒತ್ತಿ ಹಿಡಿದು, "ತಡಿ, ಈಗೇ ನೋಡಬ್ಯಾಡ, ಇನ್ನೊಂದ್ ಸ್ವಲ್ಪ ನೆನಪು ಮಾಡ್ಕೊ" ಎನ್ನುತ್ತಾನೆ. ಆ ತಡಕಾಟವೇ ಮುಂದಿನ ಸಲದ ದಾರಿಯನ್ನು ಸುಗಮಗೊಳಿಸುತ್ತದೆ. ಆದರೆ ಹೇಳಿದ ಮೇಲೆ ಪುಸ್ತಕ ತೆರೆದು ತಾಳೆ ನೋಡದೆ ಮುಂದಿನ ಪ್ರಶ್ನೆಗೆ ಹೋಗುವಂತಿಲ್ಲ, ಏಕೆಂದರೆ ತಪ್ಪು ಉತ್ತರವೂ ಹೇಳಿದಷ್ಟು ಸಲ ಸಲೀಸಾಗುತ್ತದೆ.