ಹೊಲಕ್ಕೆ ಸುಣ್ಣ ಹಾಕಿ ಮೂರು ವರ್ಷ: ರಾಗಿ ಕೇಳಲಿಲ್ಲ, ಅವರೆ ಕೇಳಿತು

ಅಂಕ: 5ಕ್ಕೆ 4

ನಾವಿರೋದು ಬೆಂಗಳೂರಿನ ವಿಜಯನಗರದಲ್ಲಿ. ಹೊಲ ದೊಡ್ಡಬಳ್ಳಾಪುರದ ಕಡೆ, 30 ಗುಂಟೆ ಕೆಂಪು ಮಣ್ಣು. ಅಪ್ಪನ ಕಾಲದಿಂದ ರಾಗಿ, ನಡುವೆ ಅಕ್ಕಡಿ ಸಾಲಲ್ಲಿ ಅವರೆ. ವರ್ಷಾವರ್ಷ ಡಿಎಪಿ, ಯೂರಿಯಾ ಸುರಿದು ಮಣ್ಣು ಹುಳಿಯಾಗಿದೆ ಅಂತ ಗೊತ್ತಾಗಿದ್ದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯಲ್ಲಿ ಪರೀಕ್ಷೆ ಮಾಡಿಸಿದಾಗ. ರಸಸಾರ (pH) 5.2; ಇದು 7ಕ್ಕಿಂತ ಇಳಿದಷ್ಟೂ ಮಣ್ಣು ಹುಳಿ. ಎಕರೆಗೆ 4 ಕ್ವಿಂಟಾಲ್ ಲೆಕ್ಕದಲ್ಲಿ ಹುಳಿ ತಗ್ಗಿಸೋಕೆ ನನಗೆ ಬೇಕಾಗಿದ್ದು 50 ಕೆಜಿಯ ಆರು ಚೀಲ ಕೃಷಿ ಸುಣ್ಣ, ಅಂದ್ರೆ ಸುಣ್ಣದಕಲ್ಲಿನ ಪುಡಿ.

ಪಕ್ಕದ ಹೊಲದ ತಾತ ನಕ್ಕುಬಿಟ್ರು. "ಸುಣ್ಣ ಎಲೆಅಡಿಕೆಗಾಯ್ತದೆ ಕಣಪ್ಪ, ಹೊಲಕ್ಯಾಕೆ?"

ಮೊದಲ ವರ್ಷ ಅವರ ಮಾತೇ ನಿಜವಾಯ್ತು. ಅಂಗಡಿಯವರು ಕೊಟ್ಟಿದ್ದು ಚಿರೋಟಿ ರವೆಗಿಂತ ತರಿಯಾದ ಪುಡಿ. ಕಲ್ಲಿನ ಚೂರು ಮಣ್ಣಲ್ಲಿ ಕರಗೋದು ಯಾವಾಗ? ಮರುವರ್ಷ ರಸಸಾರ 5.3, ಅಷ್ಟೇ. ಚೀಲದ ಬೆಲೆಗಿಂತ ಗೂಡ್ಸ್ ಆಟೋ ಬಾಡಿಗೆ ಜಾಸ್ತಿಯಾಗಿತ್ತು ಅನ್ನೋದು ಬೇರೆ ಹೊಟ್ಟೆಯುರಿ.

ಎರಡನೇ ಸಲ ಚೀಲ ಬಿಚ್ಚಿಸಿ ನೋಡಿದೆ. ರಾಗಿ ಹಿಟ್ಟಿನ ಹಾಗೆ ಬೆರಳಿಗೆ ಅಂಟಬೇಕು, ನಿಂಬೆರಸ ಹಿಂಡಿದರೆ ಬುಸ್ ಅನ್ನಬೇಕು. ಗೋಡೆಗೆ ಬಳಿಯೋ ಸುಣ್ಣ ತರಬೇಡಿ, ಅದು ತುಂಬಾ ಖಾರ, ಕೈ ಸುಡುತ್ತೆ. ಮೇ ತಿಂಗಳಲ್ಲಿ ಮೊದಲ ಮಳೆ ಬಿದ್ದ ಮೇಲೆ, ಗಾಳಿಯಿಲ್ಲದ ಬೆಳಗ್ಗೆ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಎರಚಿ, ರೋಟವೇಟರ್ ಹೊಡೆಸಿದ್ವಿ. ಕೊಟ್ಟಿಗೆ ಗೊಬ್ಬರ ಹಾಕಿದ್ದು ಮೂರು ವಾರ ಬಿಟ್ಟು. ಎರಡೂ ಒಟ್ಟಿಗೆ ಬಿದ್ದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ. ಯೂರಿಯಾಗೂ ಇದೇ ಮಾತು.

ಆ ವರ್ಷ ರಾಗಿಯಲ್ಲಿ ನನಗೇನೂ ವ್ಯತ್ಯಾಸ ಕಾಣಲಿಲ್ಲ. ಹುಳಿ ಮಣ್ಣನ್ನು ರಾಗಿ ಹೇಗೋ ತಡೆದುಕೊಳ್ಳುತ್ತೆ. ಆದರೆ ಅದೇ ಹೊಲದ ಅಕ್ಕಡಿ ಸಾಲಲ್ಲಿ ಅವರೆ ಗಿಡ ಕಿತ್ತು ನೋಡಿದರೆ ಬೇರಿನ ತುಂಬಾ ಗಂಟು, ಸೀಳಿದರೆ ಒಳಗೆ ನಸುಗೆಂಪು. ಸಾರಜನಕ ಹಿಡಿಯೋ ಬ್ಯಾಕ್ಟೀರಿಯಾ ಕೆಲಸ ಮಾಡ್ತಿದೆ ಅನ್ನೋದಕ್ಕೆ ಅದೇ ಗುರುತು. ಹಿಂದೆ ಹಳದಿ ತಿರುಗಿ ನಿಲ್ಲುತ್ತಿದ್ದ ಮೂಲೆಯಲ್ಲೂ ಸೊಗಡು ಕಾಯಿ ಹಿಡಿಯಿತು. ಮೂರನೇ ವರ್ಷದ ಪರೀಕ್ಷೆಯಲ್ಲಿ 5.9 ಬಂತು. ಈ ವರ್ಷ ಹಾಕಿಲ್ಲ, ಹಾಕೋ ಅಗತ್ಯವೂ ಇಲ್ಲ. ಬರೀ ರಾಗಿ ಬೆಳೆಯೋರಾದರೆ ಈ ಖರ್ಚಿಗೆ ಮೊದಲು ಎರಡು ಸಲ ಯೋಚಿಸಿ.

ಇನ್ನು ಆ ಕಡಿಮೆ ಒಂದು ಅಂಕ. ಚೀಲದ ಮೇಲೆ "ಎಲ್ಲ ಬೆಳೆಗೂ, ಎಲ್ಲ ಮಣ್ಣಿಗೂ" ಅಂತ ಅಚ್ಚು ಹಾಕಿದ್ದಾರೆ. ಅದನ್ನು ನಂಬಿ ಉಳಿದ ಎರಡು ಹಿಡಿ ತಂದು ತಾರಸಿಯ ಗುಲಾಬಿ ಕುಂಡಗಳಿಗೆ ಹಾಕಿದೆ. ನಮ್ಮ ಬೋರ್‌ವೆಲ್ ನೀರೋ, ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುವಂಥದ್ದು, ಅದರಲ್ಲೇ ಸುಣ್ಣದಂಶ ಬೇಕಾದಷ್ಟಿದೆ. ತಿಂಗಳೊಳಗೆ ಚಿಗುರೆಲೆ ಹಳದಿ, ನರ ಮಾತ್ರ ಹಸಿರು: ಸುಣ್ಣ ಹೆಚ್ಚಾಗಿ ಕಬ್ಬಿಣದ ಕೊರತೆ. ಮಣ್ಣೆಲ್ಲ ಬದಲಾಯಿಸಿ, ಈಗ ಮಳೆನೀರು ಹಿಡಿದು ಹಾಕ್ತಿದ್ದೀವಿ. ಆರು ಕುಂಡದಲ್ಲಿ ನಾಲ್ಕು ಚಿಗುರಿವೆ.